ಕತ್ತಲೆಯಲ್ಲಿ ಕಾಯುವ ಕ್ಯಾಮೆರಾ



ಛಾಯಾಚಿತ್ರವೆಂದರೆ ಕ್ಷಣವನ್ನು ಹಿಡಿದಿಡುವ ಕಲೆ ಎಂದು ನಾವೆಲ್ಲ ಕೇಳಿದ್ದೇವೆ. ಮದುವೆಯ ಮನೆಯಲ್ಲಿ, ಮಕ್ಕಳ ಪ್ರಥಮ ಪರಮಪ್ರಸಾದದ ದಿನ, ಊರಹಬ್ಬದ ತೇರಿನ ಮುಂದೆ ಕ್ಯಾಮೆರಾ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಆ ಮಿಟುಕಿಗೆ ಹಿಡಿಯುವ ಕಾಲ ಸೆಕೆಂಡಿನ ನೂರರಲ್ಲಿ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಓಡುವ ಮಗು ಅಷ್ಟರಲ್ಲಿಯೇ ಗಾಳಿಯಲ್ಲಿ ನಿಂತುಬಿಡುತ್ತದೆ. ಎರಚಿದ ಹೂವು ನೆಲ ಮುಟ್ಟದೆ ಉಳಿಯುತ್ತದೆ. ಆದರೆ ಅದೇ ಕಣ್ಣನ್ನು ಅರ್ಧ ನಿಮಿಷ, ಅರ್ಧ ಗಂಟೆ, ಒಂದು ಇಡೀ ರಾತ್ರಿ ತೆರೆದಿಟ್ಟರೆ ಏನಾದೀತು? ಆಗ ಕ್ಯಾಮೆರಾ ಏನನ್ನು ಕಾಣುತ್ತದೆ, ಏನನ್ನು ಕಾಣದೆ ಬಿಡುತ್ತದೆ? ದೀರ್ಘ ಎಕ್ಸ್‌ಪೋಷರ್ ಎಂದು ಕರೆಯುವ ಈ ವಿಧಾನದ ಬಗೆಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ಈ ಹವ್ಯಾಸ ನನ್ನನ್ನು ಹಿಡಿದು ಹಲವು ವರ್ಷಗಳಾದವು. ಅದಕ್ಕೆ ನನಗೆ ಒದಗಿದ ಪಾಠಶಾಲೆ ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು. ಹೋಬಳಿ ಕೇಂದ್ರವಾದ ಈ ಊರಿನ ಸುತ್ತ ಪರಿಚಯದ ಕುಟುಂಬಗಳಿರುವುದರಿಂದ ಆಗಾಗ ಅಲ್ಲಿಗೆ ಹೋಗಿ ಬರುವುದುಂಟು. ಚಿತ್ರದುರ್ಗ ಮಳೆನೆರಳಿನ ಸೀಮೆಯೆಂಬುದು ನಿಮಗೆ ತಿಳಿದೇ ಇದೆ. ಪಶ್ಚಿಮ ಘಟ್ಟದಲ್ಲಿ ಸುರಿದು ಹಗುರಾದ ಮೋಡಗಳು ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಮೋಡವಿಲ್ಲದ ಆಕಾಶ ರೈತನಿಗೆ ಚಿಂತೆ, ಕ್ಯಾಮೆರಾದವನಿಗೆ ಭಾಗ್ಯ. ಒಬ್ಬರ ಚಿಂತೆಯ ಕೆಳಗೆ ನಿಂತು ಇನ್ನೊಬ್ಬರು ಸಂತೋಷಪಡುವುದು ಎಷ್ಟು ಸರಿ ಎಂಬ ಪ್ರಶ್ನೆ ಮೊದಲ ದಿನದಿಂದಲೂ ನನ್ನ ಜೊತೆಗಿದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಕ್ಯಾಮೆರಾದ ಒಳಗೆ ನಡೆಯುವುದೇನು ಎಂಬುದನ್ನು ನೋಡೋಣ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲಂ ಇಲ್ಲ. ಅದರ ಜಾಗದಲ್ಲಿ ಸೆನ್ಸರ್ ಎಂಬ ಸಣ್ಣ ಬಿಲ್ಲೆಯಿದೆ. ಇದರ ಮೂಲರೂಪಗಳಲ್ಲೊಂದನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ಇಬ್ಬರು ವಿಜ್ಞಾನಿಗಳು ರೂಪಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಸಾಧಾರಣ ಕ್ಯಾಮೆರಾದ ಸೆನ್ಸರಿನಲ್ಲಿ ಎರಡು ಕೋಟಿಗೂ ಹೆಚ್ಚು ಕಿರುಮನೆಗಳಿರುತ್ತವೆ. ಸೂರಿನ ಕೆಳಗೆ ಸಾಲಾಗಿ ಇಟ್ಟ ಕೊಡಗಳನ್ನು ನೆನೆಸಿಕೊಳ್ಳಿ. ಬೆಳಕು ಹನಿಹನಿಯಾಗಿ ಬೀಳುತ್ತದೆ. ಬಿದ್ದ ಬೆಳಕು ಕಿರುಮನೆಯಲ್ಲಿ ವಿದ್ಯುತ್ ಕಣಗಳಾಗಿ ಕೂಡಿಕೊಳ್ಳುತ್ತದೆ. ಷಟರ್ ಮುಚ್ಚಿದ ಮೇಲೆ ಯಾವ ಕೊಡದಲ್ಲಿ ಎಷ್ಟು ನೀರಿದೆಯೆಂದು ಕ್ಯಾಮೆರಾ ಅಳೆಯುತ್ತದೆ. ಜಡಿಮಳೆಯಲ್ಲಿ ಕೊಡ ಕ್ಷಣದಲ್ಲಿ ತುಂಬೀತು. ತುಂತುರಿನಲ್ಲಿ ತುಂಬಬೇಕಾದರೆ ಕಾಯಬೇಕು. ದೀರ್ಘ ಎಕ್ಸ್‌ಪೋಷರ್ ಎಂದರೆ ಇಷ್ಟೇ: ತುಂತುರಿಗೆ ಕೊಡವಿಟ್ಟು ಕಾಯುವುದು.

ಹಿಂದಿನ ಫಿಲಂ ಕೂಡ ಕಾಯಬಲ್ಲುದಾಗಿತ್ತು, ಆದರೆ ಅದು ದಣಿಯುತ್ತಿತ್ತು. ಮಂದ ಬೆಳಕಿನಲ್ಲಿ ಬಹಳ ಹೊತ್ತು ತೆರೆದಿಟ್ಟರೆ ಮೊದಲ ನಿಮಿಷದಲ್ಲಿ ಕೂಡಿಸಿದಷ್ಟನ್ನು ಅದು ಹತ್ತನೆಯ ನಿಮಿಷದಲ್ಲಿ ಕೂಡಿಸುತ್ತಿರಲಿಲ್ಲ. ಸೆನ್ಸರಿಗೆ ಆ ದಣಿವಿಲ್ಲ. ಹತ್ತು ನಿಮಿಷ ಕಾದರೆ ಒಂದು ನಿಮಿಷದ ಹತ್ತರಷ್ಟು ಬೆಳಕನ್ನು ನಿಷ್ಠೆಯಿಂದ ಲೆಕ್ಕವಿಡುತ್ತದೆ. ನಮ್ಮ ಕಣ್ಣಿಗಂತೂ ಹೀಗೆ ಕೂಡಿಸುವ ಶಕ್ತಿಯೇ ಇಲ್ಲ. ಒಂದು ನಕ್ಷತ್ರವನ್ನು ಗಂಟೆಗಟ್ಟಲೆ ದಿಟ್ಟಿಸಿದರೂ ಅದು ಹೆಚ್ಚು ಪ್ರಕಾಶಮಾನವಾಗಿ ಕಾಣುವುದಿಲ್ಲ.

ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ, ಊರಿನ ದೀಪಗಳಿಗೆ ಬೆನ್ನು ಮಾಡಿ, ಬಯಲಿನಲ್ಲಿ ಕ್ಯಾಮೆರಾವನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿ ನೋಡಿ. ಟ್ರೈಪಾಡ್ ಇಲ್ಲದಿದ್ದರೆ ಮರಳಿನ ಚೀಲದ ಮೇಲೆ ಕೂರಿಸಿದರೂ ಸಾಕು. ಷಟರ್ 30 ಸೆಕೆಂಡು, ಐಎಸ್‌ಒ 800 ಅಥವಾ 1600, ಲೆನ್ಸಿನ ಬಾಯಿ ಆದಷ್ಟು ಅಗಲ, ಫೋಕಸ್ಸನ್ನು ಕೈಯಿಂದಲೇ ದೂರದ ನಕ್ಷತ್ರಕ್ಕೆ ಹೊಂದಿಸಿಕೊಳ್ಳಬೇಕು. ಇಂತಹ ಚಿತ್ರಗಳನ್ನು ಎಡೆಬಿಡದೆ ಒಂದು ಗಂಟೆ ತೆಗೆದರೆ 120 ಚಿತ್ರಗಳಾಗುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತೇವೆ. ಒಂದೇ ಸಲ ಒಂದು ಗಂಟೆ ತೆರೆದಿಡುವುದೂ ಸಾಧ್ಯ. ಅದಕ್ಕಾಗಿ ಇರುವ ವ್ಯವಸ್ಥೆಗೆ ಇಂದಿಗೂ ‘ಬಲ್ಬ್’ ಎಂದೇ ಹೆಸರು. ಹಳೆಯ ಸ್ಟುಡಿಯೋಗಳಲ್ಲಿ ರಬ್ಬರಿನ ಬುರುಡೆಯನ್ನು ಅದುಮಿ ಷಟರ್ ತೆರೆಯುತ್ತಿದ್ದ ಕಾಲದ ನೆನಪು ಅದು. ಆದರೆ ಬಹಳ ಹೊತ್ತು ತೆರೆದಿಟ್ಟ ಸೆನ್ಸರ್ ಬಿಸಿಯಾಗುವುದರಿಂದ ಚಿಕ್ಕಚಿಕ್ಕ ಚಿತ್ರಗಳನ್ನು ಕೂಡಿಸುವುದೇ ವಾಸಿ. ಇಂದಿನ ಮೊಬೈಲ್ ಫೋನುಗಳ ‘ನೈಟ್ ಮೋಡ್’ ಕೂಡ ಕೆಲವು ಸೆಕೆಂಡುಗಳ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ.

ಆ ಚಿತ್ರದಲ್ಲಿ ಕಾಣುವುದೇನು? ಚುಕ್ಕಿಗಳಿದ್ದ ಜಾಗದಲ್ಲಿ ಬಳೆಗಳ ತುಂಡುಗಳು. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ ಪ್ರತಿಯೊಂದು ನಕ್ಷತ್ರವೂ ಒಂದು ಗಂಟೆಯಲ್ಲಿ 15 ಡಿಗ್ರಿಯ ಕಮಾನನ್ನು ಬರೆದಿರುತ್ತದೆ. ಎಲ್ಲ ಕಮಾನುಗಳ ನಡುವೆ ಒಂದು ಚುಕ್ಕಿ ಮಾತ್ರ ಚುಕ್ಕಿಯಾಗಿಯೇ ಉಳಿದಂತೆ ತೋರುತ್ತದೆ. ಅದು ಧ್ರುವ. ಯಾವ ಊರಿನಲ್ಲಿ ನಿಂತರೂ ಆ ಊರಿನ ಅಕ್ಷಾಂಶ ಎಷ್ಟೋ ಸುಮಾರು ಅಷ್ಟೇ ಎತ್ತರದಲ್ಲಿ ಧ್ರುವ ಕಾಣುತ್ತದೆ. ಹಿರೇಗುಂಟನೂರಿನಲ್ಲಿ ಅದು ದಿಗಂತದಿಂದ ಸುಮಾರು 14 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿಯಷ್ಟು. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಧ್ರುವವೂ ಒಂದು ಪುಟ್ಟ ಕಮಾನನ್ನು ಬರೆದಿರುವುದು ತಿಳಿಯುತ್ತದೆ, ಏಕೆಂದರೆ ಅದು ಆಕಾಶದ ನಿಜವಾದ ಉತ್ತರ ಬಿಂದುವಿನಿಂದ ಒಂದು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದೆ. ಅಲುಗದಿರುವುದಕ್ಕೆ ಉಪಮೆಯಾಗಿ ನಾವು ಬಳಸುವ ನಕ್ಷತ್ರವೇ ಅಲುಗುತ್ತದೆಂಬುದು ಬರಿಗಣ್ಣಿಗೆ ತಿಳಿಯದು. ಕಾದ ಕಣ್ಣಿಗೆ ತಿಳಿಯುತ್ತದೆ.

ಕಾಯುವಿಕೆಯ ಫಲ ಎಷ್ಟು ದೊಡ್ಡದಿರಬಹುದೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದ ಒಂದು ಸಣ್ಣ ಚೂರು ಆಕಾಶದತ್ತ ತಿರುಗಿಸಿದರು. ಕಾಣುವಂಥದ್ದು ಏನೂ ಇಲ್ಲವೆಂದೇ ಆರಿಸಿಕೊಂಡ ಜಾಗ ಅದು. ಅಷ್ಟು ಬೆಲೆಬಾಳುವ ಸಮಯವನ್ನು ಶೂನ್ಯವನ್ನು ನೋಡುವುದಕ್ಕೆ ವ್ಯಯಿಸಬಾರದೆಂದು ಹೇಳಿದವರೂ ಇದ್ದರು. ಹತ್ತು ದಿನಗಳಲ್ಲಿ 342 ಚಿತ್ರಗಳನ್ನು ತೆಗೆದು ಕೂಡಿಸಿದಾಗ ಆ ಶೂನ್ಯದಲ್ಲಿ ಸುಮಾರು 3000 ಗೆಲಾಕ್ಸಿಗಳು ಕಂಡವು. ಇಂತಹ ಕೆಲಸ ನಮ್ಮ ಸಮೀಪದಲ್ಲೂ ನಡೆಯುತ್ತಿದೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ, ಎರಡು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಹೊಸಕೋಟೆಯ ಕೋಣೆಯಲ್ಲಿ ಕುಳಿತವರು ಹಿಮಾಲಯದ ಕತ್ತಲೆಯಲ್ಲಿ ಕ್ಯಾಮೆರಾದ ಕಣ್ಣು ತೆರೆದು ಕಾಯುತ್ತಾರೆ. ಆ ಕತ್ತಲೆಯನ್ನು ಉಳಿಸಿಕೊಳ್ಳಲೆಂದೇ 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ರಕ್ಷಿತ ಕತ್ತಲೆಯ ವಲಯವೆಂದು ಘೋಷಿಸಲಾಯಿತು. ಕತ್ತಲೆಗೂ ರಕ್ಷಣೆ ಬೇಕಾಗುವ ಕಾಲ ಬಂದೀತೆಂದು ನಮ್ಮ ಹಿರಿಯರು ಊಹಿಸಿದ್ದರೇ?

ಈ ವಿಧಾನದಲ್ಲಿ ನನ್ನನ್ನು ಬಹುವಾಗಿ ಸೆಳೆದ ಇನ್ನೊಂದು ಸಂಗತಿಯಿದೆ. ದೀರ್ಘಕಾಲ ತೆರೆದಿಟ್ಟ ಸೆನ್ಸರಿನಲ್ಲಿ ಹೊರಗಿನ ಬೆಳಕಿನ ಜೊತೆಗೆ ಅದರದೇ ಬಿಸಿಯಿಂದ ಹುಟ್ಟಿದ ಕಣಗಳೂ ಕೂಡಿಕೊಳ್ಳುತ್ತವೆ. ಇಲ್ಲದ ಜಾಗದಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕಿಗಳು ಮೂಡಿ ನಕ್ಷತ್ರಗಳಂತೆ ನಟಿಸುತ್ತವೆ. ಬಿಸಿ 6ರಿಂದ 8 ಡಿಗ್ರಿಯಷ್ಟು ಏರಿದರೆ ಈ ಸುಳ್ಳು ಬೆಳಕು ಸರಿಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದಲೇ ಏಪ್ರಿಲ್ ರಾತ್ರಿಯ ಚಿತ್ರಕ್ಕಿಂತ ಜನವರಿ ರಾತ್ರಿಯ ಚಿತ್ರ ನಿರ್ಮಲ. ಆದ್ದರಿಂದಲೇ ದೊಡ್ಡ ದೂರದರ್ಶಕಗಳ ಕ್ಯಾಮೆರಾಗಳನ್ನು ಅತಿಶೀತದಲ್ಲಿ ಇಡುತ್ತಾರೆ. ನಮ್ಮಂಥವರ ಕ್ಯಾಮೆರಾಗಳಿಗೆ ಬೇರೊಂದು ಉಪಾಯವಿದೆ. ಒಂದು ಚಿತ್ರ ತೆಗೆದ ಮೇಲೆ, ಕ್ಯಾಮೆರಾ ಕಣ್ಣು ಮುಚ್ಚಿಕೊಂಡು, ಅಷ್ಟೇ ಹೊತ್ತು, ಬರಿಯ ಕತ್ತಲೆಯ ಇನ್ನೊಂದು ಚಿತ್ರ ತೆಗೆಯುತ್ತದೆ. ಆ ಎರಡನೆಯ ಚಿತ್ರದಲ್ಲಿ ಹೊರಗಿನದು ಏನೂ ಇಲ್ಲ. ಇರುವುದೆಲ್ಲ ತನ್ನದೇ ದೋಷ. ಅದನ್ನು ಮೊದಲ ಚಿತ್ರದಿಂದ ಕಳೆದಾಗ ಉಳಿಯುವುದೇ ನಿಜವಾದ ಆಕಾಶ. ರಾತ್ರಿ ಮಲಗುವ ಮುನ್ನ ಆತ್ಮಪರಿಶೀಲನೆಗೆ ಕುಳಿತುಕೊಳ್ಳುವ ರೂಢಿಯನ್ನು ಗುರುಮಠದಲ್ಲಿ ಕಲಿತ ನನಗೆ ಇದನ್ನು ನೋಡಿ ನಗುವೂ ಬಂತು, ಸಮಾಧಾನವೂ ಆಯಿತು. ಯಂತ್ರಕ್ಕೂ ಕಂಡದ್ದನ್ನು ನಂಬುವ ಮೊದಲು ಕಣ್ಣು ಮುಚ್ಚಿ ತನ್ನನ್ನು ತಾನು ನೋಡಿಕೊಳ್ಳಬೇಕಾಗುತ್ತದೆ.

ಇಷ್ಟರವರೆಗೆ ಹೇಳಿದ್ದು ಕಾಯುವ ಕಣ್ಣಿನ ಹಿರಿಮೆ. ಅದಕ್ಕೊಂದು ಕೊರತೆಯೂ ಇದೆ. ಅದನ್ನು ಹೇಳದಿದ್ದರೆ ಈ ಬರಹ ಅರ್ಧಸತ್ಯವಾದೀತು.

ಹಗಲಿನಲ್ಲಿ ಲೆನ್ಸಿನ ಮುಂದೆ ದಟ್ಟವಾದ ಕಪ್ಪು ಗಾಜನ್ನು ಇಟ್ಟು ಷಟರನ್ನು ಬಹಳ ಹೊತ್ತು ತೆರೆದಿಡಬಹುದು. ವೆಲ್ಡಿಂಗ್ ಅಂಗಡಿಯ ಗಾಜನ್ನೇ ಬಳಸುವವರೂ ಇದ್ದಾರೆ; ಚಿತ್ರಕ್ಕೆ ಹಸಿರು ಛಾಯೆ ಬರುತ್ತದೆ, ಅಷ್ಟೆ. ಹೀಗೆ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಚಿತ್ರ ತೆಗೆದರೆ ಕಂಬ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ತಿರುಗುವ ರೆಕ್ಕೆಗಳು ಮಂಜಿನ ತಟ್ಟೆಯಂತಾಗಿ ಕರಗಿಹೋಗುತ್ತವೆ. ಕೆಲಸ ಮಾಡುತ್ತಿರುವುದು ರೆಕ್ಕೆ, ಕಾಣುತ್ತಿರುವುದು ಕಂಬ. ಸಂತೆಯ ಬೀದಿಯನ್ನು ಹೀಗೆಯೇ ತೆಗೆದರೆ ಜನರೇ ಇಲ್ಲದ ಬೀದಿ ಕಾಣುತ್ತದೆ.

ಇದು ಛಾಯಾಗ್ರಹಣದಷ್ಟೇ ಹಳೆಯ ಮಾತು. ಫ್ರಾನ್ಸಿನ ನಿಯೆಪ್ಸ್ ಎಂಬಾತ 1826 ಅಥವಾ 1827ರಲ್ಲಿ ತನ್ನ ಮನೆಯ ಕಿಟಕಿಯಿಂದ ತೆಗೆದ, ಇಂದಿಗೂ ಉಳಿದಿರುವ ಅತಿ ಹಳೆಯ ಛಾಯಾಚಿತ್ರಕ್ಕೆ ಕಡಿಮೆಯೆಂದರೂ ಎಂಟು ಗಂಟೆ ಹಿಡಿಯಿತು. ಅಷ್ಟರಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸರಿದಿದ್ದರಿಂದ ಎದುರುಬದುರು ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಂತೆ ಕಾಣುತ್ತದೆ. 1838ರಲ್ಲಿ ಡಾಗೆರ್ ಪ್ಯಾರಿಸ್ಸಿನ ಒಂದು ಹೆಬ್ಬೀದಿಯ ಚಿತ್ರ ತೆಗೆದ. ಗಾಡಿಗಳೂ ಜನರೂ ಓಡಾಡುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಹುತೇಕ ನಿರ್ಜನ. ಕೆಲವು ನಿಮಿಷ ತೆರೆದಿಟ್ಟ ಕ್ಯಾಮೆರಾಕ್ಕೆ ನಡೆಯುವವರು ಸಿಗಲಿಲ್ಲ. ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ, ಏಕೆಂದರೆ ಅವನು ಕಾಲು ಮುಂದಿಟ್ಟು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ. ಪಾಲಿಶ್ ಹಾಕುತ್ತಿದ್ದವನ ಕೈ ಆಡುತ್ತಿದ್ದುದರಿಂದ ಅವನು ಮಸುಕು. ಸೇವೆ ಮಾಡಿಸಿಕೊಂಡವನು ಉಳಿದ; ಸೇವೆ ಮಾಡಿದವನು ಮಸುಕಾದ. ಛಾಯಾಚಿತ್ರದಲ್ಲಿ ಮನುಷ್ಯ ಕಾಣಿಸಿಕೊಂಡ ಮೊದಮೊದಲ ಸಲವೇ ಹೀಗಾಯಿತೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಈ ಮಾತು ನನಗೆ ಪುಸ್ತಕದಿಂದ ತಿಳಿದಿತ್ತು. ಅದು ಎದೆಗೆ ಇಳಿದದ್ದು ಹಿರೇಗುಂಟನೂರಿನಲ್ಲಿ. ಒಂದು ಜನವರಿಯ ರಾತ್ರಿ ಪರಿಚಯದ ರೈತರೊಬ್ಬರ ಶೇಂಗಾ ಹೊಲದ ಬದುವಿನ ಮೇಲೆ ಕ್ಯಾಮೆರಾ ನಿಲ್ಲಿಸಿದ್ದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರ ಅದು. ಹನ್ನೊಂದರ ಹೊತ್ತಿಗೆ ಯಜಮಾನರು ತಲೆಗೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸನಿಕೆ ಹಿಡಿದು ನೀರು ಹಾಯಿಸಲು ಬಂದರು. “ಏನ್ ಫಾದರ್, ಈ ಕತ್ಲಾಗೆ ಯಾವ ಫೋಟ ಬರ್ತೈತೆ?” ಎಂದು ನಕ್ಕು ಹೊಲಕ್ಕಿಳಿದರು. ನಾನು ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತೆ. ಅವರು ಒಂದು ಗಂಟೆಗೂ ಮಿಕ್ಕಿ ತಣ್ಣೀರಿನಲ್ಲಿ ಬರಿಗಾಲಿನಲ್ಲಿ ನಡೆದಾಡಿದರು. ಕಾಯುತ್ತಿದ್ದವನು ನಾನು, ದುಡಿಯುತ್ತಿದ್ದವರು ಅವರು.

ಮರುದಿನ ಬೆಳಿಗ್ಗೆ ಕೂಡಿಸಿದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಅವರಿಗೆ ತೋರಿಸಿದೆ. ಮೇಲೆ ನಕ್ಷತ್ರಗಳ ಕಮಾನು, ಕೆಳಗೆ ಕಪ್ಪು ಹೊಲ, ಹೊಲದುದ್ದಕ್ಕೂ ಹಾವಿನಂತೆ ಹರಿದ ಒಂದು ಹಳದಿ ಗೆರೆ. ಅದು ಅವರ ಟಾರ್ಚಿನ ಬೆಳಕು. ಮನುಷ್ಯಾಕೃತಿ ಎಲ್ಲಿಯೂ ಇರಲಿಲ್ಲ. ಅವರು ಬಹಳ ಹೊತ್ತು ನೋಡಿದರು. “ಹೊಲ ನಮ್ದೇ ಐತೆ. ನಾನೆಲ್ಲಿ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಅವರೇ ಬೆರಳಿಟ್ಟು ಆ ಗೆರೆಯನ್ನು ಓದತೊಡಗಿದರು. ಗೆರೆಯಲ್ಲಿ ಅಲ್ಲಲ್ಲಿ ಬೆಳಕು ಗಂಟು ಕಟ್ಟಿದಂತೆ ದಪ್ಪವಾಗಿತ್ತು. “ಇಲ್ಲಿ ಮಡೆ ತಿರುವಿದೆ. ಇಲ್ಲಿ ಬದ ಒಡೆದಿತ್ತು, ಮಣ್ಣು ಹಾಕಿ ಮೆಟ್ಟಿದೆ. ಇಲ್ಲಿ… ಇಲ್ಲಿ ಬೀಡಿ ಹಚ್ಚಿದೆ ಬಿಡ್ರಿ.” ಅವರ ಮೊಮ್ಮಗಳು ಪಕ್ಕದಲ್ಲಿ ನಿಂತು ಗಂಟುಗಳನ್ನು ಎಣಿಸುತ್ತಿದ್ದಳು. “ತಾತ, ನೀನು ರಾತ್ರಿ ಇಷ್ಟೊಂದು ಓಡಾಡ್ತೀಯಾ?” ಎಂದು ಕೇಳಿದಳು. ನಾನು ಚಿತ್ರವೆಂದು ನೋಡುತ್ತಿದ್ದುದನ್ನು ಆ ಯಜಮಾನರು ಕೆಲಸದ ಲೆಕ್ಕವೆಂದು ಓದಿದರು. ಕ್ಯಾಮೆರಾ ಅವರನ್ನು ಅಳಿಸಿತ್ತು, ಆದರೆ ಅವರು ನಡೆದ ದಾರಿಯನ್ನು ಅಳಿಸಿರಲಿಲ್ಲ. ಓದುವವರು ಬೇಕಾಗಿತ್ತು, ಅಷ್ಟೆ.

ಹೀಗೆ ಕೆಲಸ ಉಳಿದು ಕೆಲಸಗಾರರು ಅಳಿಸಿಹೋಗುವುದು ಹೊಲದಲ್ಲಿ ಮಾತ್ರವಲ್ಲ, ಆಕಾಶದ ಚರಿತ್ರೆಯಲ್ಲೂ ನಡೆದಿದೆ. 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರವಾಗಿಸುವ ಮಹಾಯೋಜನೆಯನ್ನು ಕೈಗೊಂಡರು. ನಕ್ಷತ್ರಪಟ್ಟಿಯ ಫಲಕಗಳಿಗೆ ಕೆಲವು ನಿಮಿಷ, ನಕ್ಷೆಯ ಫಲಕಗಳಿಗೆ ಅರ್ಧ ಗಂಟೆಯಂತೆ ಮೂರು ಸಲ ಕಣ್ಣು ತೆರೆದಿಡಬೇಕಾಗಿತ್ತು. ಹಲವು ದೇಶಗಳ ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡವು. ಒಂದು ಪಾಲು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೆ ಬಂತು. ನಮ್ಮ ಕಲಬುರಗಿ, ರಾಯಚೂರು, ಬೀದರ್ ಆಗ ಅದೇ ಸಂಸ್ಥಾನದಲ್ಲಿದ್ದವು. ಇನ್ನೊಂದು ಪಾಲು ವ್ಯಾಟಿಕನ್ ವೀಕ್ಷಣಾಲಯದ್ದು. ಅಲ್ಲಿ ತೆಗೆದ ಫಲಕಗಳ ಮೇಲಿನ ನಕ್ಷತ್ರಗಳ ಸ್ಥಾನವನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಅಳೆದವರು ನಾಲ್ವರು ಧರ್ಮಭಗಿನಿಯರು. ಮಂಗಳೂರಿನ ಜೆಪ್ಪುವಿನಲ್ಲಿ ನಾವು ಕಂಡು ಬಲ್ಲ ‘ಸಿಸ್ಟರ್ಸ್ ಆಫ್ ಚಾರಿಟಿ’ಯದೇ ಸಭೆ ಅವರದು. 1910ರಿಂದ 1921ರವರೆಗೆ ಅವರು ಅಳೆದ ನಕ್ಷತ್ರಗಳು 4 ಲಕ್ಷ 81 ಸಾವಿರಕ್ಕೂ ಹೆಚ್ಚು. ಸೂಕ್ಷ್ಮದರ್ಶಕದ ಮುಂದೆ ಕುಳಿತ ಅವರ ಛಾಯಾಚಿತ್ರ ಉಳಿದಿತ್ತು. ಹೆಸರುಗಳು ಮಾತ್ರ ಯಾರಿಗೂ ನೆನಪಿರಲಿಲ್ಲ. ಹಳೆಯ ಕಾಗದಪತ್ರಗಳಲ್ಲಿ ಹುಡುಕಿದ ಮೇಲೆ 2016ರಲ್ಲಿ ಆ ಹೆಸರುಗಳು ಲೋಕಕ್ಕೆ ತಿಳಿದವು: ಎಮಿಲಿಯ ಪೊಂಜೋನಿ, ರೆಜಿನ ಕೊಲಂಬೊ, ಕೊಂಚೆತ್ತ ಫಿನಾರ್ದಿ, ಲುಯಿಜ ಪಾಂಚೇರಿ. ಸುಮಾರು ನೂರು ವರ್ಷ ಅವರೂ ಗೆರೆಯಾಗಿ ಮಾತ್ರ ಉಳಿದಿದ್ದರು.

ಆದ್ದರಿಂದ, ಪ್ರಿಯರೇ, ಕಾಯುವ ಕಣ್ಣು ಒಳ್ಳೆಯದು; ಆದರೆ ಅದೊಂದೇ ಸಾಲದು. ಮಂದವಾಗಿರುವುದನ್ನು ಕಾಣಲು ತಾಳ್ಮೆ ಬೇಕು. ಓಡಾಡುತ್ತಿರುವವರನ್ನು ಕಾಣಲು ತಾಳ್ಮೆಯ ಜೊತೆಗೆ ಅವರು ಬಿಟ್ಟುಹೋದ ಗುರುತನ್ನು ಓದುವ ಮನಸ್ಸೂ ಬೇಕು. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಎಷ್ಟೋ ಯುವಕರು ಬೆಂಗಳೂರಿಗೆ, ಮಲೆನಾಡಿನ ತೋಟಗಳಿಗೆ ಕೂಲಿ ಅರಸಿ ಹೋಗುತ್ತಾರೆ. ಹಬ್ಬಕ್ಕೆ ಒಂದು ದಿನ ಬಂದು ಮರಳುತ್ತಾರೆ. ಊರಿನ ಚಿತ್ರದಲ್ಲಿ ಅವರು ಕಾಣುವುದಿಲ್ಲ. ಹೊಸದಾಗಿ ಹೊದಿಸಿದ ಹೆಂಚಿನಲ್ಲಿ, ತಂಗಿಯ ಕಾಲೇಜಿನ ಶುಲ್ಕದ ರಸೀದಿಯಲ್ಲಿ ಅವರ ಬೆಳಕಿನ ಗೆರೆಯಿದೆ. ನಿಲ್ಲಲು ಅವರಿಗೆ ಬಿಡುವಿರಲಿಲ್ಲವೆಂದು ಅವರನ್ನು ನಮ್ಮ ಲೆಕ್ಕದಿಂದ ಬಿಡಬಹುದೇ?

ನಿಮ್ಮ ಮನೆಯ ಆಲ್ಬಮ್ಮನ್ನು ಒಮ್ಮೆ ತೆರೆದು ನೋಡಿ. ಹಬ್ಬದ ಚಿತ್ರಗಳಲ್ಲಿ ನಡುವೆ ಕುಳಿತವರು, ಸಿಂಗರಿಸಿಕೊಂಡು ನಿಂತವರು ಇದ್ದಾರೆ. ಅಂದು ಅಡುಗೆಮನೆಯಲ್ಲಿದ್ದವರು ಎಲ್ಲಿ? ಪಂಕ್ತಿಗೆ ಬಡಿಸಿದವರು ಎಲ್ಲಿ? ಅಮ್ಮನನ್ನು, ಅತ್ತೆಯನ್ನು, ಪಾತ್ರೆ ತೊಳೆಯಲು ಬಂದಾಕೆಯನ್ನು ಕೇಳಿ, “ನೀವು ಈ ಹೊತ್ತಿನಲ್ಲಿ ಎಲ್ಲಿದ್ದಿರಿ?” ಎಂದು. ಅವರು ಚಿತ್ರದ ಮೇಲೆ ಬೆರಳಿಟ್ಟು ಹೇಳಿಯಾರು: ಆ ಬಾಗಿಲಿನ ಹಿಂದೆ, ಆ ಹೊಗೆಯ ಕೆಳಗೆ. ಆಮೇಲೆ ಪೆನ್ನು ತೆಗೆದುಕೊಂಡು ಚಿತ್ರದ ಹಿಂಬದಿಯಲ್ಲಿ ಅವರ ಹೆಸರನ್ನೂ ಬರೆದಿಡಿ. ಅದಕ್ಕೆ ನೂರು ವರ್ಷ ಕಾಯುವುದು ಬೇಡ.